ನಿಮಗಿದು ಗೊತ್ತೇ? ಗೋಡೆಯ ತೂಕ ಹೆಚ್ಚುತ್ತದೆ, ಚಿನ್ನದ ಬಳೆಯೂ ಒಂದು ದ್ರಾವಣ!

ಪಿಯುಸಿ ಕೆಮಿಸ್ಟ್ರಿ ಪುಸ್ತಕ ನೆನಪಿದೆಯೇ? ಮೋಲ್, ಪರಮಾಣು, ಬಂಧ, ಆಮ್ಲ, ಉತ್ಕರ್ಷಣ... ಪರೀಕ್ಷೆ ಮುಗಿದ ಮಾರನೆಯ ದಿನವೇ ಅಟ್ಟ ಸೇರಿದ ಪುಸ್ತಕ. ಬನ್ನಿ, ಅದನ್ನು ಇನ್ನೊಮ್ಮೆ ತೆರೆಯೋಣ. ಒಂದೊಂದು ಪಾಠದಲ್ಲೂ ಒಂದೊಂದು ಅಚ್ಚರಿ ಅಡಗಿ ಕೂತಿದೆ. ಎಷ್ಟೋ ಅಚ್ಚರಿಗಳು ನಿಮ್ಮ ಅಡುಗೆಮನೆಯಲ್ಲೇ ಇವೆ!

ಮೊದಲು ಮೋಲ್. ಒಂದು ದೊಡ್ಡ ಚಮಚಕ್ಕಿಂತ ಚೂರು ಹೆಚ್ಚು ನೀರು ತೆಗೆದುಕೊಳ್ಳಿ. ತೂಕ 18 ಗ್ರಾಂ. ಅದರಲ್ಲಿರುವ ಅಣುಗಳನ್ನು ಸೆಕೆಂಡಿಗೆ ಒಂದರಂತೆ ಎಣಿಸುತ್ತ ಹೋದಿರಿ ಅನ್ನಿ. ಯಾವಾಗ ಮುಗಿದೀತು? ಈ ವಿಶ್ವ ಹುಟ್ಟಿ ಸುಮಾರು 1380 ಕೋಟಿ ವರ್ಷವಾಗಿದೆ. ಅಷ್ಟು ಕಾಲ ಒಂದಲ್ಲ, ಎರಡಲ್ಲ, 13 ಲಕ್ಷ ಸಲ ಕಳೆದರೂ ನೀವಿನ್ನೂ ಎಣಿಸುತ್ತಲೇ ಇರುತ್ತೀರಿ!

ಆ 18 ಗ್ರಾಂ ನೀರು ಒಂದು ಮೋಲ್; ಅದರ ಅಣುಗಳ ಸಂಖ್ಯೆಗೆ ಅವೊಗಾಡ್ರೊ ಸಂಖ್ಯೆ ಎಂದು ಹೆಸರು. ಆದರೆ ಇಟಲಿಯ ಅವೊಗಾಡ್ರೊ ಅವರಿಗೇ ಅದು ಗೊತ್ತಿರಲಿಲ್ಲ! 1811ರಲ್ಲಿ ಅವರು ಹೇಳಿದ್ದು ಇಷ್ಟೇ: ಉಷ್ಣತೆಯೂ ಒತ್ತಡವೂ ಒಂದೇ ಆಗಿದ್ದರೆ, ಒಂದೇ ಗಾತ್ರದ ಯಾವ ಅನಿಲದಲ್ಲೂ ಅಷ್ಟೇ ಅಣುಗಳಿರುತ್ತವೆ. ಎಷ್ಟು ಎಂದು ತಿಳಿಯುವ ಮೊದಲೇ, 1856ರಲ್ಲಿ, ತೀರಿಕೊಂಡರು. ಫ್ರಾನ್ಸಿನ ಪೆರಿನ್ ಆ ಸಂಖ್ಯೆಗೆ ಅವರ ಹೆಸರಿಟ್ಟದ್ದು 1909ರಲ್ಲಿ!

ಇನ್ನೊಂದು ಕೇಳಿ. 2019ರ ಮೇ 20ರಿಂದ ಈ ಸಂಖ್ಯೆಯನ್ನು ಅಳೆಯುವ ಕೆಲಸವೇ ಇಲ್ಲ. ಅಂದು ಅದನ್ನು ಗಟ್ಟಿಯಾಗಿ ಗೊತ್ತುಮಾಡಿಬಿಟ್ಟರು. 602214076 ಬರೆದು ಅದರ ಮುಂದೆ 15 ಸೊನ್ನೆ ಹಾಕಿ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ!

ಈಗ ಪರಮಾಣು. ಹೈಡ್ರೋಜನ್ನಿನ ನ್ಯೂಕ್ಲಿಯಸ್ ಒಂದು ಸಾಸಿವೆ ಕಾಳಿನಷ್ಟಿದೆ ಎಂದುಕೊಳ್ಳಿ. ಅದನ್ನು ಕ್ರಿಕೆಟ್ ಮೈದಾನದ ಪಿಚ್ ನಡುವೆ ಇಡಿ. ಎಲೆಕ್ಟ್ರಾನ್ ಎಲ್ಲಿರುತ್ತದೆ ಗೊತ್ತೇ? ಬೌಂಡರಿ ಗೆರೆಯ ಹತ್ತಿರ! ನಡುವೆ ಏನಿದೆ? ಏನೂ ಇಲ್ಲ!

ಹಾಗಿದ್ದರೆ ನಾವು ಕೂತ ಕುರ್ಚಿಯೊಳಗಿಂದ ತೂರಿ ಕೆಳಗೆ ಬೀಳುವುದಿಲ್ಲವೇಕೆ? ಕುರ್ಚಿಯ ಎಲೆಕ್ಟ್ರಾನುಗಳು ನಮ್ಮ ಎಲೆಕ್ಟ್ರಾನುಗಳನ್ನು ಹತ್ತಿರ ಬರಗೊಡುವುದಿಲ್ಲ, ಅದಕ್ಕೆ. ಅಷ್ಟು ಬಲ ಇರುವ ಈ ಎಲೆಕ್ಟ್ರಾನುಗಳ ತೂಕ ಕೇಳಿದರೆ ಬೆರಗಾಗುತ್ತೀರಿ. 70 ಕಿಲೋ ತೂಗುವ ಮನುಷ್ಯನ ಮೈಯ ಎಲ್ಲ ಎಲೆಕ್ಟ್ರಾನುಗಳನ್ನು ಒಟ್ಟುಮಾಡಿದರೆ ಬರುವುದು ಸುಮಾರು 20 ಗ್ರಾಂ! ಊಟ ಅರಗುವುದು, ಉಸಿರು ಆಡುವುದು, ಯೋಚನೆ ಹೊಳೆಯುವುದು, ಎಲ್ಲ ರಸಾಯನ ಕ್ರಿಯೆಯೂ ಆ 20 ಗ್ರಾಮಿನದೇ ಕಾರುಬಾರು!

ಬಾಳೆಹಣ್ಣು ವಿಕಿರಣ ಸೂಸುತ್ತದೆ! ಹೆದರಬೇಡಿ. ಬಾಳೆಯಲ್ಲಿ ಪೊಟ್ಯಾಸಿಯಂ ಇದೆ. ಪೊಟ್ಯಾಸಿಯಮ್ಮಿನಲ್ಲಿ ಹತ್ತು ಸಾವಿರಕ್ಕೊಂದರಷ್ಟು ಪರಮಾಣು ವಿಕಿರಣಶೀಲ ಸಮಸ್ಥಾನಿ. ಸಾಧಾರಣ ಗಾತ್ರದ ಹಣ್ಣಿನಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 15 ಪರಮಾಣುಗಳು ಒಡೆಯುತ್ತವೆ. ನಿಮ್ಮ ಮೈಯೊಳಗೋ? ಅದೇ ಪೊಟ್ಯಾಸಿಯಮ್ಮಿನಿಂದ ಸೆಕೆಂಡಿಗೆ ಸುಮಾರು 4000! ಹಣ್ಣಿಗಿಂತ ನೀವೇ ಜೋರು!

ನೀರಿನಲ್ಲಿ ಮುಳುಗುವ ಮಂಜುಗಡ್ಡೆ ನೋಡಿದ್ದೀರಾ? ಇದೆ! ಭಾರಜಲದಿಂದ ಮಾಡಿದ ಮಂಜುಗಡ್ಡೆಯನ್ನು ಮಾಮೂಲಿ ನೀರಿನ ಲೋಟಕ್ಕೆ ಹಾಕಿ. ಸೀದಾ ತಳಕ್ಕೆ! ಅದರ ಹೈಡ್ರೋಜನ್ ಪರಮಾಣುಗಳಲ್ಲಿ ಒಂದೊಂದು ನ್ಯೂಟ್ರಾನ್ ಹೆಚ್ಚಿಗೆ ಇದೆ, ಅಷ್ಟೇ ವ್ಯತ್ಯಾಸ.

ಆವರ್ತ ಕೋಷ್ಟಕಕ್ಕೆ ಬನ್ನಿ. 118 ಧಾತುಗಳು. ಇಂಗ್ಲಿಷ್ ವರ್ಣಮಾಲೆಯ ಎರಡು ಅಕ್ಷರಗಳು ಮಾತ್ರ ಅಲ್ಲಿ ಎಲ್ಲೂ ಸಿಗುವುದಿಲ್ಲ. ಯಾವುವು? ಜೆ ಮತ್ತು ಕ್ಯೂ! ಹುಡುಕಿ ನೋಡಿ.

ಸ್ವೀಡನ್ನಿನ ಇಟರ್ಬಿ ಎಂಬ ಪುಟ್ಟ ಹಳ್ಳಿಯ ಗಣಿಯ ಕಲ್ಲು ಒಂದಲ್ಲ, ನಾಲ್ಕು ಧಾತುಗಳಿಗೆ ಊರಿನ ಹೆಸರು ತಂದುಕೊಟ್ಟಿತು: ಇಟ್ರಿಯಂ, ಇಟರ್ಬಿಯಂ, ಟರ್ಬಿಯಂ, ಎರ್ಬಿಯಂ. ಒಂದೇ ಹಳ್ಳಿಗೆ ಇಷ್ಟು ದೊಡ್ಡ ಮರ್ಯಾದೆ!

ರಷ್ಯಾದ ಮೆಂಡಲೀವ್ 1869ರಲ್ಲಿ ಕೋಷ್ಟಕ ಮಾಡಿದಾಗ ಖಾಲಿ ಮನೆಗಳನ್ನು ಬಿಟ್ಟರು. ಇಲ್ಲಿ ಇಂಥ ಧಾತು ಬರಬೇಕು, ಅದರ ಗುಣ ಹೀಗಿರಬೇಕು ಎಂದು ಮೊದಲೇ ಹೇಳಿದರು. 1875ರಲ್ಲಿ ಫ್ರಾನ್ಸಿನಲ್ಲಿ ಒಂದು ಸಿಕ್ಕಿತು. ಅದೇ ಗ್ಯಾಲಿಯಂ. ಕಂಡುಹಿಡಿದವರು ಸಾಂದ್ರತೆ ಅಳೆದು 4.7 ಎಂದರು. ಮೆಂಡಲೀವ್ ಆ ಲೋಹವನ್ನು ಕಣ್ಣಿನಿಂದಲೂ ನೋಡಿರಲಿಲ್ಲ. ಆದರೂ ಪತ್ರ ಬರೆದರು: ನಿಮ್ಮ ಅಳತೆ ತಪ್ಪಿದೆ, ಇನ್ನೊಮ್ಮೆ ಅಳೆಯಿರಿ, 5.9ರ ಸುಮಾರು ಬರಬೇಕು. ಶುದ್ಧ ಮಾಡಿ ಮತ್ತೆ ಅಳೆದರೆ ಬಂದದ್ದು 5.9! ಇಡೀ ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ರೋಮಾಂಚಕ ಪತ್ರ ಇನ್ನೊಂದಿಲ್ಲ ಅನ್ನಿಸುತ್ತದೆ ನನಗೆ.

ಆ ಗ್ಯಾಲಿಯಂ ಇನ್ನೂ ಮಜಾ. ಅದು ಕರಗುವುದು 29.8 ಡಿಗ್ರಿಯಲ್ಲಿ. ಅಂಗೈಯಲ್ಲಿ ಹಿಡಿದರೆ ಲೋಹ ನೀರಾಗುತ್ತದೆ! ಮೇ ತಿಂಗಳಲ್ಲಿ ಕಲಬುರಗಿಗೆ ತಂದರೆ ಕೈಯೂ ಬೇಡ, ಮೇಜಿನ ಮೇಲೆ ಇಟ್ಟರೆ ಸಾಕು. ಆದರೆ ಅದನ್ನು ಕುದಿಸಬೇಕೆಂದರೆ 2000 ಡಿಗ್ರಿಯೂ ಸಾಲದು!

ಹೀಲಿಯಂ ಎಂಬ ಧಾತು ಭೂಮಿಯ ಮೇಲೆ ಸಿಗುವ ಮೊದಲೇ ಸೂರ್ಯನಲ್ಲಿ ಸಿಕ್ಕಿತ್ತು! 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣ ನಮ್ಮ ದಕ್ಷಿಣ ಭಾರತದ ಮೇಲೆ ಹಾದುಹೋಯಿತು. ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ ದುರ್ಬೀನು ಹೂಡಿದರು. ನಮ್ಮ ಜಮಖಂಡಿಯಲ್ಲಿ ಯಾರಿದ್ದರು ಗೊತ್ತೇ? ಲೆಫ್ಟಿನೆಂಟ್ ಜಾನ್ ಹರ್ಷಲ್! ಹೆಸರಾಂತ ಹರ್ಷಲ್ ಖಗೋಳಜ್ಞರ ಮನೆತನದವರು. ಗ್ರಹಣ ಹಿಡಿದ ಸೂರ್ಯನ ಅಂಚಿನಲ್ಲಿ ಚಿಮ್ಮುವ ಜ್ವಾಲೆಯ ಬೆಳಕಿನಲ್ಲಿ ಅವರಿಗೆ ಹೊಳೆಯುವ ಗೆರೆಗಳು ಕಂಡವು. ಅವುಗಳಲ್ಲೊಂದು ಕಿತ್ತಳೆ ಬಣ್ಣದ್ದು. ಹಲವರು ಅದನ್ನು ಸೋಡಿಯಂ ಎಂದುಕೊಂಡರು. ಅದು ಸೋಡಿಯಂ ಅಲ್ಲ, ಹೊಸ ಧಾತು ಎಂಬ ಮಾತು ಬಂದದ್ದು ಇಂಗ್ಲೆಂಡಿನ ಲಾಕ್ಯರ್ ಅವರಿಂದ. ಭೂಮಿಯ ಮೇಲೆ ಅದೇ ಅನಿಲವನ್ನು ರ‍್ಯಾಮ್ಸೇ ಹಿಡಿದದ್ದು 1895ರಲ್ಲಿ. 27 ವರ್ಷ ಕಾಯಬೇಕಾಯಿತು!

ಈಗ ಬಳೆ ನೋಡಿಕೊಳ್ಳಿ. ಚಿನ್ನದ ಬಳೆ ಒಂದು ದ್ರಾವಣ! ಪುಸ್ತಕದ ವ್ಯಾಖ್ಯೆ ತೆಗೆಯಿರಿ: ಎರಡೋ ಹೆಚ್ಚೋ ವಸ್ತುಗಳು ಎಲ್ಲೆಲ್ಲೂ ಒಂದೇ ಸಮನೆ ಬೆರೆತಿದ್ದರೆ ಅದು ದ್ರಾವಣ. ದ್ರವವೇ ಆಗಿರಬೇಕು ಎಂದು ಎಲ್ಲೂ ಬರೆದಿಲ್ಲ. 22 ಕ್ಯಾರಟ್ ಚಿನ್ನದಲ್ಲಿ ಶೇಕಡಾ 91.6 ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ ಇತ್ಯಾದಿ. ಬಳೆಯ ಒಳಮೈಯಲ್ಲಿ ಹಾಲ್‌ಮಾರ್ಕಿನ ಪಕ್ಕ 916 ಎಂದು ಕೆತ್ತಿರುತ್ತಾರಲ್ಲ, ಅದು ಸಾವಿರದಲ್ಲಿ 916 ಪಾಲು ಚಿನ್ನ ಎಂಬ ಲೆಕ್ಕ. ಒಡವೆ ಅಂಗಡಿಯಲ್ಲಿ ನೀವು ಓದುವುದು ದ್ರಾವಣದ ಪಾಠವನ್ನೇ!

ಮತ್ತೆ, ಚಿನ್ನ ಹಳದಿಯಾಗಿರಲು ಕಾರಣ ಐನ್‌ಸ್ಟೈನರ ಸಾಪೇಕ್ಷತೆ! ಚಿನ್ನದ ನ್ಯೂಕ್ಲಿಯಸ್ಸಿನಲ್ಲಿ 79 ಪ್ರೋಟಾನುಗಳಿವೆ. ಎಳೆತ ಜೋರು. ತೀರ ಒಳಗಿನ ಎಲೆಕ್ಟ್ರಾನುಗಳು ಬೆಳಕಿನ ಅರ್ಧಕ್ಕೂ ಹೆಚ್ಚು ವೇಗದಲ್ಲಿ ಓಡುತ್ತವೆ. ಆ ವೇಗದಲ್ಲಿ ಲೆಕ್ಕಾಚಾರ ಬದಲಾಗಿ ಚಿನ್ನ ನೀಲಿ ಬೆಳಕನ್ನು ಹೀರಿಕೊಂಡು ನಮಗೆ ಹಳದಿಯಾಗಿ ಕಾಣುತ್ತದೆ. ಸಾಪೇಕ್ಷತೆ ಇಲ್ಲದಿದ್ದರೆ ಮಾಂಗಲ್ಯ ಸರವೂ ಬೆಳ್ಳಿಯ ಬಣ್ಣಕ್ಕಿರುತ್ತಿತ್ತು!

ನೀರಿಗೆ ಬಿದ್ದರೆ ಸಿಡಿಯುವ ಲೋಹ ಸೋಡಿಯಂ. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ ಯುದ್ಧಭೂಮಿಯಲ್ಲಿ ಸೈನಿಕರ ಉಸಿರು ಕಟ್ಟಿಸಿದ ವಿಷಾನಿಲ ಕ್ಲೋರಿನ್. ಇವೆರಡೂ ಸೇರಿದರೆ? ನಿಮ್ಮ ಉಪ್ಪಿನಕಾಯಿಯ ಉಪ್ಪು! ಸೋಡಿಯಂ ಒಂದು ಎಲೆಕ್ಟ್ರಾನ್ ಕೊಟ್ಟಿತು, ಕ್ಲೋರಿನ್ ಇಸಿದುಕೊಂಡಿತು. ಅಷ್ಟಕ್ಕೇ ಎರಡರ ಆರ್ಭಟವೂ ಅಡಗಿತು!

ಈ ಕ್ಷಣ ನಿಮ್ಮ ಕೆನ್ನೆಗೆ ಬಡಿಯುತ್ತಿರುವ ನೈಟ್ರೋಜನ್ ಅಣುವಿನ ವೇಗ ಗಂಟೆಗೆ ಸುಮಾರು 1700 ಕಿಲೋಮೀಟರ್! ಶಬ್ದಕ್ಕಿಂತ ಜೋರು! ಹಾಗಿದ್ದರೆ ದೇವರ ಮನೆಯ ಊದುಬತ್ತಿಯ ಪರಿಮಳ ಜಗುಲಿಗೆ ಬರಲು ಅಷ್ಟು ಹೊತ್ತು ಏಕೆ? ಒಂದೊಂದು ಅಣುವೂ ಸೆಕೆಂಡಿಗೆ ನೂರಾರು ಕೋಟಿ ಸಲ ಬೇರೆ ಅಣುಗಳಿಗೆ ಡಿಕ್ಕಿ ಹೊಡೆದು ದಿಕ್ಕು ತಪ್ಪುತ್ತಿರುತ್ತದೆ. ಓಟ ಜೋರು, ದಾರಿ ಮಾತ್ರ ಸಾಗದು!

ಅಡುಗೆ ಗ್ಯಾಸಿಗೆ ವಾಸನೆಯೇ ಇಲ್ಲ! ಸೋರಿದಾಗ ಮೂಗಿಗೆ ಬಡಿಯುವುದು ಬೇಕೆಂದೇ ಬೆರೆಸಿದ ಇನ್ನೊಂದು ವಸ್ತು, ಈಥೈಲ್ ಮರ್ಕ್ಯಾಪ್ಟನ್. ಇಲ್ಲೇ ಅಣುತೂಕದ ಪಾಠ ಜೀವ ಉಳಿಸುತ್ತದೆ, ಸ್ವಲ್ಪ ಗಮನಿಸಿ. ಗಾಳಿಯ ಸರಾಸರಿ ಅಣುತೂಕ 29. ಸಿಲಿಂಡರಿನ ಪ್ರೊಪೇನಿನದು 44, ಬ್ಯೂಟೇನಿನದು 58. ಗಾಳಿಗಿಂತ ಭಾರ! ಆದ್ದರಿಂದ ಸೋರಿದ ಗ್ಯಾಸ್ ಮೇಲೇರದೆ ನೆಲದ ಮೇಲೆ ಹರಡಿ, ಮೂಲೆಯಲ್ಲಿ ಮಡುಗಟ್ಟುತ್ತದೆ. ಕೊಳವೆಯಲ್ಲಿ ಬರುವ ಗ್ಯಾಸ್ ಹಾಗಲ್ಲ. ಅದು ಮೀಥೇನ್, ಅಣುತೂಕ 16, ಸೀದಾ ಸೂರಿನತ್ತ ಏರುತ್ತದೆ. ಸೋರಿಕೆ ಪತ್ತೆಮಾಡುವ ಯಂತ್ರವನ್ನು ಸಿಲಿಂಡರ್ ಇದ್ದಲ್ಲಿ ನೆಲದ ಹತ್ತಿರ, ಕೊಳವೆ ಗ್ಯಾಸ್ ಇದ್ದಲ್ಲಿ ಸೂರಿನ ಹತ್ತಿರ ಇಡುವುದು ಇದಕ್ಕೇ!

ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿ ಮುಟ್ಟುವುದೇ ಇಲ್ಲ! ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ. ಸುಮಾರು 97 ಡಿಗ್ರಿಗೇ ನೀರು ಕುದಿಯುತ್ತದೆ. ಎಷ್ಟು ಉರಿ ಹೆಚ್ಚಿಸಿದರೂ ಅದರ ಮೇಲೆ ಏರದು. ಮಂಗಳೂರಿಗೆ ಹೋದರೆ ಪುಸ್ತಕದ 100 ಸಿಗುತ್ತದೆ. ಕುಕ್ಕರಿನ ಮುಚ್ಚಳ ಬಿಗಿದರೋ, ಒಳಗಿನ ಒತ್ತಡ ಏರಿ 120 ಡಿಗ್ರಿಯ ಹತ್ತಿರ! ಬೇಳೆ ಬೇಗ ಬೇಯುವ ಗುಟ್ಟು ಅದೇ.

50ಕ್ಕೆ 50 ಕೂಡಿಸಿದರೆ ನೂರು ತಾನೇ? ಅಲ್ಲ! 50 ಮಿಲಿಲೀಟರ್ ನೀರಿಗೆ 50 ಮಿಲಿಲೀಟರ್ ಈಥೈಲ್ ಆಲ್ಕೋಹಾಲ್ ಸುರಿದು ಅಳೆಯಿರಿ. ಸುಮಾರು 97 ಬರುತ್ತದೆ. ಒಂದು ಹನಿಯೂ ಚೆಲ್ಲಿಲ್ಲ. ಎರಡರ ಅಣುಗಳೂ ಬೆರೆತು ಮೊದಲಿಗಿಂತ ಒತ್ತಾಗಿ ಕೂತವು, ಅಷ್ಟೇ!

ಯೂರಿಯಾ ಗೊಬ್ಬರವನ್ನು ಬಕೆಟ್ ನೀರಿಗೆ ಸುರಿದು ಕೈಯಾಡಿಸಿದ್ದೀರಾ? ನೀರು ತಟ್ಟನೆ ತಣ್ಣಗಾಗುತ್ತದೆ! ಔಷಧಿ ಹೊಡೆಯುವ ರೈತರಿಗೆಲ್ಲ ಇದು ಗೊತ್ತು. ಪುಸ್ತಕದಲ್ಲಿ ಅಂತರುಷ್ಣಕ ಎಂದು ಬರೆದದ್ದು ಇದನ್ನೇ. ಕರಗಲು ಬೇಕಾದ ಶಾಖವನ್ನು ಯೂರಿಯಾ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಇದೇ ಯೂರಿಯಾವನ್ನು 1828ರಲ್ಲಿ ಜರ್ಮನಿಯ ವೋಲರ್ ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಮೂತ್ರಪಿಂಡದ ಹಂಗಿಲ್ಲದೆ!

ಬೈಕಿಗೆ ಒಂದು ಲೀಟರ್ ಪೆಟ್ರೋಲ್ ಹಾಕಿಸಿದಿರಿ. ತೂಕ ಸುಮಾರು ಮುಕ್ಕಾಲು ಕಿಲೋ. ಅದು ಉರಿದ ಮೇಲೆ ಹೊಗೆಕೊಳವೆಯಿಂದ ಹೊರಬರುವ ಕಾರ್ಬನ್ ಡೈಆಕ್ಸೈಡ್ ಎಷ್ಟು? ಸುಮಾರು 2.3 ಕಿಲೋ! ಮೂರು ಪಟ್ಟು! ತಪ್ಪಿಲ್ಲ, ಲೆಕ್ಕ ಸರಿಯಿದೆ. 12 ಗ್ರಾಂ ಕಾರ್ಬನ್ ಗಾಳಿಯಿಂದ 32 ಗ್ರಾಂ ಆಕ್ಸಿಜನ್ ಸೇರಿಸಿಕೊಂಡು 44 ಗ್ರಾಂ ಆಗುತ್ತದೆ.

ತೂಕ ಇಳಿಸಿಕೊಂಡಿರಾ? ಕರಗಿದ ಆ ಕೊಬ್ಬು ಹೋದದ್ದೆಲ್ಲಿಗೆ? ಬೆವರಾಗಿ ಎನ್ನುತ್ತೀರಿ. ಅಲ್ಲ, ಬಹುಪಾಲು ಮೂಗಿನಿಂದ! 10 ಕಿಲೋ ಕೊಬ್ಬು ಪೂರ್ತಿ ಕರಗಿದರೆ 8.4 ಕಿಲೋ ಕಾರ್ಬನ್ ಡೈಆಕ್ಸೈಡಾಗಿ ಉಸಿರಿನಲ್ಲಿ ಹೊರಹೋಗುತ್ತದೆ. ನೀರಾಗಿ ಹೋಗುವುದು 1.6 ಕಿಲೋ ಮಾತ್ರ. ನೀವು ಇಳಿಸಿದ ತೂಕ ಈಗ ಗಾಳಿಯಲ್ಲಿ ತೇಲುತ್ತಿದೆ!

ಈಗ ನನಗೆ ಅತಿ ಇಷ್ಟವಾದದ್ದು, ಸುಣ್ಣ. ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಾರಲ್ಲ, ಅಲ್ಲಿಂದ ಹಿಡಿಯಿರಿ. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅಪ್ಪಟ ಕ್ಯಾಲ್ಸಿಯಂ ಕಾರ್ಬೊನೇಟ್ 100 ಕಿಲೋ ಸುಟ್ಟರೆ ಉಳಿಯುವುದು 56 ಕಿಲೋ. ಉಳಿದ 44 ಕಿಲೋ ಕಾರ್ಬನ್ ಡೈಆಕ್ಸೈಡಾಗಿ ಗೂಡಿನ ಬಾಯಿಂದ ಹಾರಿಹೋಯಿತು!

ಆ ಸುಟ್ಟ ಸುಣ್ಣಕ್ಕೆ ನೀರು ಹಾಕಿ. ಒಲೆಯಿಲ್ಲ, ಬೆಂಕಿಯಿಲ್ಲ, ಕೊತಕೊತ ಕುದಿಯುತ್ತದೆ! ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ ಗೋಡೆಗೆ ಬಳಿಯುತ್ತೀರಿ. ಬಳಿದಾಗ ಅಷ್ಟೇನೂ ಬಿಳುಪಿಲ್ಲ. ಒಣಗುತ್ತ ಒಣಗುತ್ತ ಫಳಫಳ. ಬರೀ ಒಣಗಿದ್ದಲ್ಲ ಅದು. ಗೋಡೆಯ ಸುಣ್ಣ ಗಾಳಿಯಿಂದ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಳ್ಳುತ್ತಿದೆ! ಗೂಡಿನಲ್ಲಿ ಕಳೆದುಹೋದ ಆ 44 ಪಾಲು ಮೆಲ್ಲಗೆ ಗೋಡೆಗೆ ವಾಪಸು ಬಂದು, ತೂಕ ಹೆಚ್ಚಿ, ಸುಣ್ಣ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಚಿಪ್ಪಾಗಿದ್ದದ್ದು ಮತ್ತೆ ಚಿಪ್ಪಿನ ವಸ್ತುವೇ ಆಗಿ ನಿಮ್ಮ ಗೋಡೆಯ ಮೇಲೆ ನಿಂತಿದೆ!

ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲೂ ಇದೇ ವಸ್ತು, ಸುಣ್ಣದಕಲ್ಲು. ಅದರ ಮೇಲೆ ನಿಂಬೆರಸ ಚೆಲ್ಲಿದರೆ ಕಲೆ ಬೀಳುವುದೇಕೆ ಗೊತ್ತಾಯಿತೇ? ಆಮ್ಲ ಕಲ್ಲನ್ನು ತಿನ್ನುತ್ತಿದೆ!

ಸುಣ್ಣ ಬಂದ ಮೇಲೆ ಅರಿಸಿನ ಬರಲೇಬೇಕು. ಮದುಮಕ್ಕಳು ಹೊಸ್ತಿಲಲ್ಲಿ ನಿಂತಾಗ ತಟ್ಟೆಯಲ್ಲಿ ಕೆಂಪು ಓಕುಳಿ ನೀರಿನ ಆರತಿ ಎತ್ತುತ್ತಾರೆ. ಕೆಂಪು ಬಣ್ಣ ಎಲ್ಲಿಂದ ಬಂತು? ಅರಿಸಿನ ಹಳದಿ, ಸುಣ್ಣ ಬಿಳಿ. ಬೆರೆಸಿದರೆ ಕೆಂಪು! ಅರಿಸಿನದ ಕರ್ಕ್ಯುಮಿನ್ ಪ್ರತ್ಯಾಮ್ಲ ಸೋಕಿದೊಡನೆ ಬಣ್ಣ ಬದಲಿಸುತ್ತದೆ. ಅದೇ ತಟ್ಟೆಗೆ ಸಾಕಷ್ಟು ನಿಂಬೆರಸ ಹಿಂಡಿ. ಮತ್ತೆ ಹಳದಿ! ಬಿಳಿ ಅಂಗಿಯ ಸಾರಿನ ಕಲೆಗೆ ಸೋಪು ಹಚ್ಚಿದಾಗ ಕೆಂಪಾಗುವುದೂ ಇದೇ ಆಟ. ಲಿಟ್ಮಸ್ ಕಾಗದಕ್ಕೆ ಅಂಗಡಿಗೆ ಓಡಬೇಕಿಲ್ಲ!

ಆಮ್ಲ ಎಷ್ಟಿದೆ ಎಂದು ಹೇಳುವ ಪಿಎಚ್ ಅಳತೆ ಹುಟ್ಟಿದ್ದು ಬಿಯರ್ ಕಂಪನಿಯೊಂದರ ಪ್ರಯೋಗಶಾಲೆಯಲ್ಲಿ! 1909, ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್, ವಿಜ್ಞಾನಿಯ ಹೆಸರು ಸೊರೆನ್ಸನ್. ಈ ಅಳತೆಯಲ್ಲಿ ಒಂದು ಮೆಟ್ಟಿಲು ಇಳಿದರೆ ಆಮ್ಲತೆ ಹತ್ತು ಪಟ್ಟು. ನೀರಿನದು 7, ನಿಂಬೆರಸದ್ದು 2ರ ಆಸುಪಾಸು. ವ್ಯತ್ಯಾಸ ಬರೀ ಐದಲ್ಲ, ಒಂದು ಲಕ್ಷ ಪಟ್ಟು!

ನೀರಿನ ಪಿಎಚ್ ಯಾವಾಗಲೂ 7 ಎಂದು ಬಾಯಿಪಾಠ ಮಾಡಿದ್ದೀರಲ್ಲವೇ? 100 ಡಿಗ್ರಿಯಲ್ಲಿ ಶುದ್ಧ ನೀರಿನ ಪಿಎಚ್ ಸುಮಾರು 6.1! ಆದರೂ ಅದು ಆಮ್ಲವಲ್ಲ, ತಟಸ್ಥವೇ. ಬಿಸಿಗೆ ನೀರಿನ ಅಣುಗಳು ಹೆಚ್ಚು ಒಡೆಯುತ್ತವೆ, ಆಮ್ಲದ ಪಾಲೂ ಪ್ರತ್ಯಾಮ್ಲದ ಪಾಲೂ ಒಟ್ಟಿಗೇ ಏರುತ್ತವೆ. ಪರೀಕ್ಷೆಯಲ್ಲಿ ಹುಷಾರು!

ಗೋಲಿ ಸೋಡ ಒಡೆದಾಗ ಬರುವ ಆ ಸದ್ದು ಸಮತೋಲನ ಮುರಿದ ಸದ್ದು. ಒತ್ತಡ ಇಳಿಯಿತು, ಕರಗಿದ್ದ ಅನಿಲ ಗುಳ್ಳೆಯಾಗಿ ಎದ್ದಿತು!

ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಬುಸುಬುಸು ನೊರೆ. ನಿಮ್ಮ ರಕ್ತದ ಕೆಟಲೇಸ್ ಎಂಬ ಕಿಣ್ವದ ಕೆಲಸ ಅದು. ಒಂದೇ ಒಂದು ಕೆಟಲೇಸ್ ಅಣು ಸೆಕೆಂಡಿಗೆ ಲಕ್ಷಾಂತರ ಪೆರಾಕ್ಸೈಡ್ ಅಣುಗಳನ್ನು ಒಡೆದುಹಾಕುತ್ತದೆ. ತಾನು ಮಾತ್ರ ಸವೆಯುವುದಿಲ್ಲ!

ವಜ್ರ ಶಾಶ್ವತವೇ? ಅಲ್ಲ! ನಮ್ಮ ಕೋಣೆಯ ಉಷ್ಣತೆ, ಒತ್ತಡದಲ್ಲಿ ವಜ್ರಕ್ಕಿಂತ ಸ್ಥಿರವಾದದ್ದು ಪೆನ್ಸಿಲ್ ಕಡ್ಡಿಯ ಗ್ರಾಫೈಟ್. ಉಂಗುರದ ವಜ್ರ ನ್ಯಾಯವಾಗಿ ಗ್ರಾಫೈಟ್ ಆಗಬೇಕು. ಆದರೆ ಬಂಧ ಬಿಚ್ಚಿ ಮತ್ತೆ ಕಟ್ಟಿಕೊಳ್ಳಲು ಬೇಕಾದ ಶಕ್ತಿ ಎಲ್ಲಿಂದ ಬರಬೇಕು? ಹಾಗಾಗಿ ಕಣ್ಣಿಗೆ ಕಾಣುವಂತೆ ಏನೂ ಆಗುವುದಿಲ್ಲ. 1814ರಲ್ಲಿ ಹಂಫ್ರಿ ಡೇವಿ ಇಟಲಿಯ ಫ್ಲಾರೆನ್ಸಿನಲ್ಲಿ ದೊಡ್ಡ ಮಸೂರದಿಂದ ಬಿಸಿಲು ಹಾಯಿಸಿ ವಜ್ರವನ್ನೇ ಸುಟ್ಟರು! ಜೊತೆಗಿದ್ದವರು ಯುವಕ ಫ್ಯಾರಡೆ. ಸಿಕ್ಕಿದ್ದು ಕಾರ್ಬನ್ ಡೈಆಕ್ಸೈಡ್. ಇದ್ದಿಲು ಸುಟ್ಟರೆ ಸಿಗುವುದೂ ಅದೇ!

ಅಲ್ಯುಮಿನಿಯಂ ಒಂದು ಕಾಲದಲ್ಲಿ ದುಬಾರಿ ಲೋಹ! 1884ರಲ್ಲಿ ಅಮೆರಿಕದವರು ವಾಷಿಂಗ್ಟನ್ ಸ್ಮಾರಕದ ತುದಿಗೆ ಕಿರೀಟವಾಗಿ ಇಟ್ಟದ್ದು ಅಲ್ಯುಮಿನಿಯಮ್ಮನ್ನು. ಎರಡೇ ವರ್ಷದಲ್ಲಿ ಬೆಲೆ ಬೀಳುವ ದಾರಿ ತೆರೆಯಿತು. ಅದಿರಿನಲ್ಲಿ ಆಕ್ಸಿಜನ್ ಜೊತೆ ಬಿಗಿಯಾಗಿ ಅಂಟಿಕೊಂಡ ಅಲ್ಯುಮಿನಿಯಮ್ಮನ್ನು ವಿದ್ಯುತ್ ಹಾಯಿಸಿ ಬಿಡಿಸುವ ಉಪಾಯ ಅಮೆರಿಕದ ಹಾಲ್ ಅವರಿಗೆ ಹೊಳೆಯಿತು. ಅದೇ 1886ರಲ್ಲಿ ಫ್ರಾನ್ಸಿನ ಎರೂ ಅವರಿಗೂ ಹೊಳೆಯಿತು. ಒಬ್ಬರಿಗೊಬ್ಬರ ಸುದ್ದಿಯೇ ಗೊತ್ತಿಲ್ಲ! ಇಬ್ಬರೂ ಹುಟ್ಟಿದ್ದು 1863ರಲ್ಲಿ, ಇಬ್ಬರೂ ತೀರಿಕೊಂಡದ್ದು 1914ರಲ್ಲಿ. ಕಥೆಗಾರರು ಬರೆದಿದ್ದರೆ ನಂಬುತ್ತಿದ್ದಿರಾ?

ಕೊನೆಯದನ್ನು ಇವತ್ತೇ ಮಾಡಿ ನೋಡಿ. ಬೆಳ್ಳಿ ಕಾಲ್ಗೆಜ್ಜೆ ಕಪ್ಪಾಗಿದೆಯೇ? ಉಜ್ಜಿ ಉಜ್ಜಿ ಬೆಳ್ಳಿ ಸವೆಸಬೇಡಿ. ಆ ಕಪ್ಪು ಎಂದರೆ ಗಂಧಕ ಹಿಡಿದ ಬೆಳ್ಳಿ. ಒಂದು ಪಾತ್ರೆಯ ತಳಕ್ಕೆ ಅಲ್ಯುಮಿನಿಯಂ ಹಾಳೆ ಹಾಸಿ. ಗೆಜ್ಜೆ ಆ ಹಾಳೆಗೆ ತಾಗಿಕೊಂಡೇ ಇರಲಿ. ಒಂದು ಚಮಚ ಅಡುಗೆ ಸೋಡ ಉದುರಿಸಿ, ಕುದಿಯುವ ನೀರು ಸುರಿಯಿರಿ. ಸಣ್ಣಗೆ ಗುಳ್ಳೆ ಏಳುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಬರಲಿ ಬಿಡಿ! ಅಲ್ಯುಮಿನಿಯಂ ಕೊಡುವ ಎಲೆಕ್ಟ್ರಾನುಗಳು ಬೆಳ್ಳಿಗೆ ಸೇರಿ ಗಂಧಕವನ್ನು ಬಿಡಿಸುತ್ತಿವೆ. ಉತ್ಕರ್ಷಣ ಹಾಳೆಯಲ್ಲಿ, ಅಪಕರ್ಷಣ ಗೆಜ್ಜೆಯಲ್ಲಿ, ಎರಡೂ ಒಂದೇ ಪಾತ್ರೆಯಲ್ಲಿ! ಹರಳು, ಮುತ್ತು ಕೂರಿಸಿದ ಒಡವೆಯನ್ನು ಮಾತ್ರ ಇದಕ್ಕೆ ಹಾಕಬೇಡಿ. ಕೆಲವೇ ನಿಮಿಷ ಬಿಟ್ಟು ಇಕ್ಕಳದಿಂದ ಗೆಜ್ಜೆ ಎತ್ತಿ, ತಣ್ಣೀರಿನಲ್ಲಿ ತೊಳೆದು ಒರೆಸಿ. ಕಪ್ಪಾಗಿದ್ದ ಬೆಳ್ಳಿಯೇ ಮತ್ತೆ ಬೆಳ್ಳಗೆ ಹೊಳೆಯುತ್ತದೆ!